ಕೇಳಿ, ಹೇಳ್ತೀವಿ: ಸಿಂಗಪೂರಕ್ಕೆ ಹೋದ ದೊಡ್ಡತಾತನ ಹೆಸರು ಎಲ್ಲಿ ಹುಡುಕೋದು?

ಹೋದ ಸಂಚಿಕೇಲಿ ಒಬ್ರು, ಮೈಸೂರು ಸಂಸ್ಥಾನಕ್ಕೆ ಸ್ವಂತ ಸೈನ್ಯ ಇತ್ತಾ ಅಂತ ಕೇಳಿದ್ರು. ಇತ್ತು ಸ್ವಾಮಿ, ಕುದುರೆ ಪಡೆ ಇತ್ತು, ಕಾಲಾಳು ಪಡೆ ಇತ್ತು, ಕಾಲಾಳುಗಳ ಒಂದು ಬೆಟಾಲಿಯನ್ ಎರಡನೇ ಮಹಾಯುದ್ಧದಲ್ಲಿ ಸಿಂಗಪೂರಕ್ಕೂ ಹೋಗಿತ್ತು ಅಂತ ನಾಲ್ಕು ಸಾಲು ಬರೆದು ಮುಗಿಸಿದ್ದೆ. ಆ ನಾಲ್ಕು ಸಾಲಿಗೆ ಮಂಡ್ಯ ಮೈಸೂರು ಕಡೆಯಿಂದ ಬಂದಿರೋ ಕಾಗದ, ವಾಟ್ಸಾಪ್ ಮೆಸೇಜು ನೋಡಿದ್ರೆ ಈ ತಿಂಗ್ಳು ಕೂದಲು ಉದುರೋದು, ಸೈಟಿನ ಖಾತೆ, ಪಿಂಚಣಿ ಪ್ರಶ್ನೆ ಎಲ್ಲಾನೂ ಪಕ್ಕಕ್ಕೆ ಇಡಲೇಬೇಕಾಯ್ತು. ಅವುಗಳಿಗೆ ಮುಂದಿನ ಸಲ ಉತ್ತರ ಕೊಡ್ತೀನಿ, ಕೋಪ ಮಾಡ್ಕೋಬೇಡಿ.

ಪ್ರ: ಸಾರ್, ನಮ್ಮ ತಾತನ ಅಣ್ಣ, ದೊಡ್ಡತಾತ ಅಂತೀವಿ, ಮಹಾರಾಜರ ಸೈನ್ಯಕ್ಕೆ ಸೇರಿ ಸಿಂಗಪೂರಕ್ಕೆ ಹೋದವ್ರು ವಾಪಸ್ ಬರ್ಲೇ ಇಲ್ಲ. ಮದ್ವೆ ಆಗಿ ವರ್ಷನೂ ತುಂಬಿರ್ಲಿಲ್ವಂತೆ. ದೊಡ್ಡಜ್ಜಿ ಸಾಯೋಗಂಟ ಕುಂಕುಮ ಅಳಿಸ್ಲಿಲ್ಲ, ಬಳೆ ತೆಗೀಲಿಲ್ಲ, ಯಾರಾದ್ರೂ ಮಾತೆತ್ತಿದ್ರೆ "ಸತ್ತವ್ನೆ ಅಂತ ಯಾವನ್ ಬಂದ್ ಹೇಳವ್ನೆ?" ಅಂತ ಕೇಳೋರಂತೆ. ಮನೇಲಿ ಒಂದೇ ಒಂದು ಫೋಟೋ ಐತೆ, ಕಾಲಿಗೆ ಪಟ್ಟಿ ಸುತ್ಕೊಂಡು ಕೋಲು ಹಿಡ್ಕೊಂಡು ಕುರ್ಚಿ ಪಕ್ಕ ನಿಂತವ್ರೆ, ಮುಖದ್ ಕಡೆ ಗೆದ್ಲು ತಿಂದುಬುಟ್ಟೈತೆ. ಇವರ ಹೆಸರು ಎಲ್ಲಾದ್ರೂ ಇದ್ದಾತಾ? (ಕೆ.ಆರ್. ಪೇಟೆ ತಾಲ್ಲೂಕಿನ ಓದುಗರು)

ಉ: ನಿಮ್ಮ ದೊಡ್ಡಜ್ಜಿ ಕೇಳಿದ್ದು ನ್ಯಾಯವಾದ ಪ್ರಶ್ನೆ. ಹೆಸರು ಇರೋ ಸಾಧ್ಯತೆ ಚೆನ್ನಾಗೇ ಇದೆ, ಆದ್ರೆ ಎಲ್ಲಿ ಹುಡುಕ್ಬೇಕು ಅನ್ನೋದಕ್ಕೆ ಅಲ್ಲಿ ಏನಾಯ್ತು ಅಂತ ಸ್ವಲ್ಪ ಗೊತ್ತಿರ್ಬೇಕು, ಅದನ್ನ ಮೊದ್ಲು ಹೇಳ್ಬಿಡ್ತೀನಿ.

ಸಿಂಗಪೂರಕ್ಕೆ ಹೋದ ಆ ಕಾಲಾಳು ಬೆಟಾಲಿಯನ್ನಿನ ಹೆಸರು ಫಸ್ಟ್ ಮೈಸೂರು ಇನ್‌ಫೆಂಟ್ರಿ, ಅದು ಬ್ರಿಟಿಷರ ಇಂಡಿಯನ್ ಆರ್ಮಿಗೆ ಸೇರಿದ್ದಲ್ಲ, ಸಂಸ್ಥಾನದ ಪಡೆ. ಜಿಂದ್, ಕಪುರ್ತಲಾ, ಬಹಾವಲ್‌ಪುರ, ಹೈದರಾಬಾದ್ ಸಂಸ್ಥಾನಗಳ ಪಡೆಗಳನ್ನ ಕಳಿಸಿದ ಹಾಗೆ ಇವರನ್ನೂ ಮಲಯಾ (ಈಗಿನ ಮಲೇಷ್ಯಾ) ಸಿಂಗಪೂರದ ಕಡೆ ಕಳಿಸಿದ್ರು. ಸಂಸ್ಥಾನದ ಪಡೆಗಳಿಗೆ ಹೆಚ್ಚಾಗಿ ವಹಿಸಿದ್ದು ವಿಮಾನ ನಿಲ್ದಾಣ ಕಾಯೋ ಕೆಲಸ. 1941ರ ಡಿಸೆಂಬರ್ 8ಕ್ಕೆ ಜಪಾನಿಯರು ಮಲಯಾದ ಕೋಟಾ ಭಾರು ಕಡಲ ತೀರದಲ್ಲಿ ಇಳಿದ್ರು, ಎರಡು ತಿಂಗಳಲ್ಲಿ ಇಡೀ ಮಲಯಾ ಗುಡಿಸ್ಕೊಂಡು ಬಂದು 1942ರ ಫೆಬ್ರವರಿ 8ರ ರಾತ್ರಿ ಜಲಸಂಧಿ ದಾಟಿ ಸಿಂಗಪೂರ ದ್ವೀಪಕ್ಕೆ ಕಾಲಿಟ್ರು, 15ನೇ ತಾರೀಕು ಭಾನುವಾರ ಸಂಜೆ ಬ್ರಿಟಿಷರ ಜನರಲ್ ಪರ್ಸಿವಲ್ ಬುಕಿತ್ ತಿಮಾದ ಫೋರ್ಡ್ ಕಾರ್ಖಾನೇಲಿ ಜಪಾನಿನ ಸೇನಾಪತಿ ಯಾಮಾಶಿತಾ ಎದುರು ಕೂತು ಶರಣಾಗತಿಗೆ ಸಹಿ ಹಾಕಿದ್ರು. ಮೈಸೂರು ಇನ್‌ಫೆಂಟ್ರಿನೂ ಅಲ್ಲೇ ಸೆರೆ ಸಿಕ್ತು.

ಎರಡು ದಿನ ಕಳೆದು 17ನೇ ತಾರೀಕು ಬಿಳಿ ಸೈನಿಕರನ್ನ ಚಾಂಗಿ ಕಡೆ ನಡೆಸಿದ್ರು, ಭಾರತದ ಸೈನಿಕರನ್ನೆಲ್ಲ ಫಾರರ್ ಪಾರ್ಕ್ ಅನ್ನೋ ಮೈದಾನದಲ್ಲಿ ಒಟ್ಟುಗೂಡಿಸಿದ್ರು, ಸುಮಾರು 45,000 ಜನ. ಅಲ್ಲಿಂದ ಮುಂದೆ ದಾರಿ ಬೇರೆ ಬೇರೆ. ಕೆಲವರು ಕ್ಯಾಪ್ಟನ್ ಮೋಹನ್ ಸಿಂಗ್ ಮಾತು ಕೇಳಿ ಬ್ರಿಟಿಷರ ವಿರುದ್ಧ ಹೊಡೆದಾಡೋ ಇಂಡಿಯನ್ ನ್ಯಾಷನಲ್ ಆರ್ಮಿ, ಅಂದ್ರೆ ಐಎನ್‌ಎ ಸೇರಿದ್ರು, ಕೆಲವರು ಸೇರಲ್ಲ ಅಂದ್ರು, ಕೈದಿಗಳಾಗಿ ಉಳಿದವರಲ್ಲಿ ಸಾವಿರಾರು ಜನರನ್ನ ಹಡಗಿಗೆ ತುಂಬಿ ನ್ಯೂ ಗಿನಿ, ರಬೌಲ್ ಕಡೆ ದ್ವೀಪಗಳಿಗೆ ಕೂಲಿ ಮಾಡೋಕೆ ಸಾಗಿಸಿದ್ರು. ಹಡಗಲ್ಲೇ ಸತ್ತವರಿದ್ದಾರೆ, ದ್ವೀಪದಲ್ಲಿ ಹಸಿವು, ಬೆರಿಬೆರಿ, ರಕ್ತಭೇದಿ, ಮಲೇರಿಯಾದಲ್ಲಿ ಸತ್ತವರು ತುಂಬಾ ಜನ. ಹಾಗಾಗಿ ನಿಮ್ಮ ದೊಡ್ಡತಾತ ಸಿಂಗಪೂರದ ಕಾಳಗದಲ್ಲೇ ತೀರ್ಕೊಂಡಿರಬಹುದು, ಕ್ಯಾಂಪಲ್ಲಿ ತೀರ್ಕೊಂಡಿರಬಹುದು, ಸಿಂಗಪೂರದಿಂದ ಸಾವಿರಾರು ಮೈಲಿ ಆಚೆ ಹೆಸರೂ ಕೇಳದ ದ್ವೀಪದಲ್ಲಿ ತೀರ್ಕೊಂಡಿರಬಹುದು. "ಸಿಂಗಪೂರಕ್ಕೆ ಹೋದ್ರು" ಅನ್ನೋ ಮನೆಮಾತನ್ನೇ ಹಿಡ್ಕೊಂಡು ಸಿಂಗಪೂರ ಒಂದನ್ನೇ ಹುಡುಕ್ಬೇಡಿ ಅಂತ ಹೇಳೋಕೆ ಇಷ್ಟೆಲ್ಲ ಹೇಳಿದ್ದು.

ಈಗ ಹುಡುಕೋ ವಿಷಯ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತ ಒಂದು ಸಂಸ್ಥೆ ಇದೆ, 1917ರಲ್ಲಿ ಶುರುವಾಗಿದ್ದು, ಎರಡು ಮಹಾಯುದ್ಧದಲ್ಲಿ ಸತ್ತ ಕಾಮನ್‌ವೆಲ್ತ್ ದೇಶಗಳ ಸೈನಿಕರ ಸಮಾಧಿ, ಸ್ಮಾರಕ ನೋಡ್ಕೊಳ್ಳೋದು ಇವರ ಕೆಲಸ. ಇವರ ದಾಖಲೆ ಪೂರ್ತಿ ಇಂಟರ್ನೆಟ್ಟಲ್ಲಿದೆ, ದುಡ್ಡು ಕೊಡ್ಬೇಕಾಗಿಲ್ಲ, ಯಾವ ಏಜೆಂಟೂ ಬೇಕಾಗಿಲ್ಲ (ಹುಡುಕಿ ಕೊಡ್ತೀವಿ ಅಂತ ದುಡ್ಡು ಕೇಳೋರು ಬಂದ್ರೆ ಬಾಗಿಲಲ್ಲೇ ಕಳಿಸಿ). ಎರಡನೇ ಯುದ್ಧಕ್ಕೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ತೀರ್ಕೊಂಡವರನ್ನ ಲೆಕ್ಕಕ್ಕೆ ತಗೊಂಡಿದ್ದಾರೆ. ಮನೇಲಿ ಕಂಪ್ಯೂಟರ್ ಬಲ್ಲ ಹುಡುಗ ಹುಡುಗಿ ಇದ್ರೆ ಪಕ್ಕದಲ್ಲಿ ಕೂರಿಸ್ಕೊಂಡು ಹುಡುಕಿ, ಅವರೊಬ್ಬರಿಗೇ ಬಿಡ್ಬೇಡಿ, ಯಾಕಂದ್ರೆ ಊರು ಹೆಸರು ಮನೆ ಹೆಸರು ಗೊತ್ತಿರೋದು ನಿಮಗೆ.

ಎಲ್ಲರೂ ಸೋಲೋದು ಒಂದೇ ಕಡೆ, ಹೆಸರು ಟೈಪ್ ಮಾಡೋ ಕಡೆ. ಬರೆದುಕೊಂಡವನು ಕನ್ನಡದವನಲ್ಲ, ಕಿವಿಗೆ ಬಿದ್ದಂಗೆ ಇಂಗ್ಲಿಷಲ್ಲಿ ಬರ್ಕೊಂಡಿದ್ದಾನೆ. ಉದಾಹರಣೆಗೆ ನಂಜೇಗೌಡ ಅಂತ ಇಟ್ಕೊಳ್ಳಿ, ಅದು ಅಲ್ಲಿ ನಂಜೆ ಒಂದು ಕಡೆ ಗೌಡ ಒಂದು ಕಡೆ ಆಗಿರುತ್ತೆ, ಇಲ್ಲಾ ನಂಜಿ ಗೋಡ ಆಗಿರುತ್ತೆ, ಗೌಡದಲ್ಲಿ ಡಬಲ್ಯೂ ಇರಬಹುದು, ಯು ಇರಬಹುದು, ಎರಡೂ ಇಲ್ದೆ ಇರಬಹುದು. ಎಷ್ಟೋ ಕಡೆ ಗೌಡ, ಶೆಟ್ಟಿ, ರಾವ್, ಅರಸು ಬಿಟ್ಟು ಬರೀ ಮೊದಲ ಹೆಸರೇ ಇರುತ್ತೆ. ಅದಕ್ಕೇ ಹೆಸರಿನಿಂದ ಶುರು ಮಾಡ್ಲೇಬೇಡಿ. ರೆಜಿಮೆಂಟ್ ಅನ್ನೋ ಕಡೆ ಮೈಸೂರು ಇನ್‌ಫೆಂಟ್ರಿ ಅಂತ ಹಾಕಿ, ಎರಡನೇ ಮಹಾಯುದ್ಧ ಅಂತ ಆರಿಸಿ, ಬರೋ ಹೆಸರುಗಳನ್ನ ಒಂದೊಂದಾಗಿ ಗಟ್ಟಿಯಾಗಿ ಓದ್ಕೊಂಡು ಹೋಗಿ. ಕಣ್ಣಿಗೆ ಸಿಗದೆ ಇರೋದು ಕಿವಿಗೆ ಸಿಗುತ್ತೆ. ಮನೇಲಿ ವಯಸ್ಸಾದವರಿದ್ರೆ ಅವರು ಕೇಳಿಸ್ಕೊಳ್ಳಲಿ, "ಹಾಂ, ನಿಲ್ಸು, ಅದೇ" ಅನ್ನೋದು ಅವರೇ.

ಹೆಸರು ತೆಗೆದ್ರೆ ಕೆಳಗೆ ಪದವಿ, ಸರ್ವಿಸ್ ನಂಬರ್, ತೀರ್ಕೊಂಡ ತಾರೀಕು ಇರುತ್ತೆ. ಎಷ್ಟೋ ಜನರದ್ದಕ್ಕೆ ಇಂಥವರ ಮಗ, ಇಂಥವಳ ಗಂಡ, ಇಂಥ ಊರು ಅಂತಾನೂ ಸೇರಿಸಿದ್ದಾರೆ. ಅಲ್ಲಿ ನಿಮ್ಮ ದೊಡ್ಡಜ್ಜಿ ಹೆಸರೇ ಇದ್ರೂ ಇರಬಹುದು. ಊರಿನ ಹೆಸರೂ ಹಾಗೇ ಕೆಟ್ಟಿರುತ್ತೆ, ಜಿಲ್ಲೆ ಅಂತ ಮಂಡ್ಯ ಹುಡುಕೋರು ಗಮನಿಸಿ, ಮಂಡ್ಯ ಜಿಲ್ಲೆ ಆಗಿದ್ದು 1939ರಲ್ಲಿ, ಅದಕ್ಕೂ ಮುಂಚೆ ಸೈನ್ಯಕ್ಕೆ ಸೇರಿದವರು ಮೈಸೂರು ಜಿಲ್ಲೆ ಅಂತಾನೇ ಬರೆಸಿರ್ತಾರೆ, ಕೆಲವು ಕಡೆ ಬರೀ ಮೈಸೂರು ಸ್ಟೇಟ್.

ಸಮಾಧಿ ಗೊತ್ತಿಲ್ಲದವರ ಹೆಸರು ಹೆಚ್ಚಾಗಿ ಸಿಂಗಪೂರದ ಉತ್ತರಕ್ಕಿರೋ ಕ್ರಾಂಜಿಯ ಸ್ಮಾರಕದಲ್ಲಿದೆ. ಗುಡ್ಡದ ಮೇಲೆ ವಿಮಾನದ ರೆಕ್ಕೆ ಥರ ಚಾವಣಿ, ಕೆಳಗೆ ಸಾಲು ಕಂಬಗಳು, ಕಂಬದ ತುಂಬ ಹೆಸರು, 24,000ಕ್ಕೂ ಮೇಲೆ. 1957ರ ಮಾರ್ಚ್ 2ಕ್ಕೆ ಉದ್ಘಾಟನೆ ಆಗಿದ್ದು. ಅದೇ ಆವರಣದಲ್ಲಿ, ಶಾಸ್ತ್ರದ ಪ್ರಕಾರ ದಹನ ಮಾಡಿದ ಸುಮಾರು 800 ಜನರಿಗೆ ಬೇರೆ ಸ್ಮಾರಕ ಇದೆ, ಅದ್ರಲ್ಲಿ ಬಹುಪಾಲು ಭಾರತದ ಸೈನಿಕರೇ. ದಾಖಲೇಲಿ ಕಾಲಮ್ ನಂಬರ್ ಅಂತ ಕೊಟ್ಟಿರ್ತಾರೆ, ಅದನ್ನ ಬರ್ಕೊಳ್ಳಿ. ಈಗ ನಮ್ಮ ಕಡೆ ಯಾವ ಬೀದೀಲಿ ನೋಡಿದ್ರೂ ಒಬ್ರ ಮಗನೋ ಸೊಸೆನೋ ಸಿಂಗಪೂರದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರ್ತಾರೆ, ಕ್ರಾಂಜಿಗೆ ಮೆಟ್ರೋ ರೈಲೇ ಹೋಗುತ್ತೆ, ಒಂದು ಭಾನುವಾರ ಆ ನಂಬರಿನ ಕಂಬದ ಹತ್ರ ಹೋಗಿ ಹೆಸರಿನ ಫೋಟೋ ತೆಗೆದು ಕಳ್ಸಿ ಅಂದ್ರೆ ಇಲ್ಲ ಅನ್ನಲ್ಲ. ರಬೌಲ್ ಕಡೆ ತೀರ್ಕೊಂಡವರಾಗಿದ್ರೆ ಅಲ್ಲಿ ಬಿಟಾ ಪಾಕಾ ಅನ್ನೋ ಸ್ಮಶಾನದಲ್ಲಿ ಭಾರತದವರಿದ್ದಾರೆ, ಅಲ್ಲಿಗೆ ಹೋಗಿ ಬರೋರು ಸಿಗೋದು ಕಷ್ಟ.

ಅಲ್ಲೂ ಸಿಗ್ಲಿಲ್ಲ ಅಂದ್ರೆ? ಸಾಕು ಅಂತ ಬಿಡ್ಬೇಡಿ. 2021ರಲ್ಲಿ ಆ ಕಮಿಷನ್ನೇ ತನಿಖೆ ಮಾಡ್ಸಿ ಒಪ್ಕೊಂಡಿದೆ, ಮೊದಲನೇ ಯುದ್ಧದ 45,000ದಿಂದ 54,000 ಜನರನ್ನ, ಅದ್ರಲ್ಲಿ ಬಹುಪಾಲು ಭಾರತ, ಆಫ್ರಿಕಾ ಕಡೆಯವರನ್ನ, ಬಿಳಿಯರ ಸಮಕ್ಕೆ ನೆನೀಲಿಲ್ಲ ಅಂತ, ಕ್ಷಮೆನೂ ಕೇಳಿದೆ. ಅದು ಮೊದಲನೇ ಯುದ್ಧದ ಲೆಕ್ಕ, ಆದ್ರೂ ಪಟ್ಟಿ ಅನ್ನೋದು ದೇವರು ಬರೆದಿದ್ದಲ್ಲ ಅಂತ ತಿಳ್ಕೊಳ್ಳೋಕೆ ಸಾಕು. ಮನೇಲಿರೋ ಹಳೇ ಕಾಗದ, ಪಿಂಚಣಿ ಪುಸ್ತಕ, ಮೆಡಲು ಏನಿದ್ರೂ ಫೋಟೋ ತೆಗೆದು ಅವರಿಗೆ ಕಳಿಸಿ ತಿದ್ದೋಕೆ, ಸೇರಿಸೋಕೆ ಕೇಳಬಹುದು. ಆಮೇಲೆ ಮೈಸೂರಲ್ಲಿ ರಾಜ್ಯ ಪತ್ರಾಗಾರದ ವಿಭಾಗೀಯ ಕಚೇರಿ ಇದೆ, ಸಂಸ್ಥಾನದ ಕಾಲದ ಕಡತಗಳಿಗೆ ಅಲ್ಲಿ ಅರ್ಜಿ ಹಾಕಿ. ಮೈಸೂರು ಇನ್‌ಫೆಂಟ್ರಿ ಸ್ವಾತಂತ್ರ್ಯ ಬಂದ ಮೇಲೆ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯ್ತು, ಆ ರೆಜಿಮೆಂಟಿನ ಕೇಂದ್ರ ನೀಲಗಿರಿಯ ವೆಲಿಂಗ್ಟನ್ನಲ್ಲಿ, ಅಲ್ಲಿಗೂ ಒಂದು ಕಾಗದ ಬರೀರಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯವರು ವಿಳಾಸ, ಫಾರಂ ವಿಷಯದಲ್ಲಿ ಸಹಾಯ ಮಾಡ್ತಾರೆ. ಗೆದ್ದಲು ತಿಂದ ಫೋಟೋನ ಸ್ಟುಡಿಯೋದವರು "ಹೊಸದು ಮಾಡ್ಕೊಡ್ತೀವಿ" ಅಂತ ಬೇರೆ ಯಾರದೋ ಮುಖ ಅಂಟಿಸಿ ಕೊಡೋ ಕಾಲ ಇದು, ಇರೋದನ್ನ ಇರೋ ಹಾಗೇ ಸ್ಕ್ಯಾನ್ ಮಾಡ್ಸಿ ಇಡಿ. ಹಿಂಭಾಗನೂ ಸ್ಕ್ಯಾನ್ ಮಾಡ್ಸಿ, ಸ್ಟುಡಿಯೋ ಸೀಲು, ಪೆನ್ಸಿಲಲ್ಲಿ ಬರೆದ ನಂಬರ್ ಏನಾದ್ರೂ ಇರುತ್ತೆ.

ಪ್ರ: ತೀರ್ಕೊಂಡ ದಿನಾನೇ ಗೊತ್ತಿಲ್ಲ ಅಂದ್ರೆ ತಿಥಿ ಯಾವತ್ತು ಮಾಡೋದು? ನಮ್ಮ ಮನೇಲೂ ಒಬ್ರು ಹಿಂಗೇ ಹೋದವ್ರು, ಎಡೆ ಇಡುವಾಗ ಅವರ ಹೆಸರು ಹೇಳ್ಬೇಕಾ ಬೇಡ್ವಾ ಅಂತ ಪ್ರತಿ ವರ್ಷ ಜಗಳ. (ನಾಗಮಂಗಲದಿಂದ ಒಬ್ಬ ತಾಯಿ)

ಉ: ಜಗಳ ಯಾಕೆ ತಾಯಿ, ದಿನ ಗೊತ್ತಿಲ್ಲದವರಿಗೇ ಅಂತ ಹಿರಿಯರು ಪಿತೃಪಕ್ಷದ ಕೊನೇಲಿ ಮಹಾಲಯ ಅಮಾವಾಸ್ಯೆ ಇಟ್ಟಿಲ್ವಾ. ಅವತ್ತು ಎಲ್ಲರ ಜೊತೆ ಇವರಿಗೂ ಒಂದು ಬಾಳೆಲೆ ಹಾಕಿ, ಮುದ್ದೆ ಸಾರು, ಕಜ್ಜಾಯ, ಅವರಿಗೆ ಬೀಡಿ ಅಭ್ಯಾಸ ಇತ್ತು ಅಂದ್ರೆ ಒಂದು ಕಟ್ಟು ಬೀಡಿ, ಹೊಸ ಪಂಚೆ ಟವಲ್ಲು, ಹೆಸರು ಬಾಯಿ ತುಂಬ ಹೇಳಿ ಧೂಪ ಹಾಕಿ. ಶ್ರಾದ್ಧ ಮಾಡೋ ಮನೆಯವರು ಪುರೋಹಿತರನ್ನ ಕೇಳಿದ್ರೆ ಅವರೂ ಇದನ್ನೇ ಹೇಳ್ತಾರೆ.

ದಾಖಲೇಲಿ ತಾರೀಕು ಸಿಕ್ಕಿದವರು ಒಂದು ವಿಷಯ ನೋಡ್ಕೊಳ್ಳಿ. ಕೆಲವರಿಗೆ ಒಂದೇ ದಿನ ಕೊಟ್ಟಿರಲ್ಲ, ಇಂಥ ದಿನದಿಂದ ಇಂಥ ದಿನದೊಳಗೆ ಅಂತ ಎರಡು ತಾರೀಕು ಇರುತ್ತೆ, ಅಂದ್ರೆ ಬರೆದವರಿಗೂ ಖಚಿತ ಇಲ್ಲ ಅಂತ. 15 ಫೆಬ್ರವರಿ 1942 ಅಂತ ಇದ್ರೆ ಸಿಂಗಪೂರ ಶರಣಾದ ದಿನ. ಅವತ್ತು ಚೀನೀಯರ ಹೊಸ ವರ್ಷ, ಅಂದ್ರೆ ಅಮಾವಾಸ್ಯೆ, ನಮ್ಮ ಲೆಕ್ಕಕ್ಕೆ ಶಿವರಾತ್ರಿ ಕಳೆದು ಬರೋ ಮಾಘದ ಅಮಾವಾಸ್ಯೆ. ತಿಥಿ ಹಿಡಿದೇ ಮಾಡ್ಬೇಕು ಅನ್ನೋರು ಅದನ್ನ ಹಿಡ್ಕೋಬಹುದು, ಪಂಚಾಂಗ ನೋಡೋಕೆ ಯಾರ ಹತ್ರಾನೂ ಹೋಗ್ಬೇಕಾಗಿಲ್ಲ.

ಪ್ರ: ನೀವು ಸಿಂಗಪೂರ ಅಂತೀರಿ, ನಮಗೆ ಸ್ಕೂಲಲ್ಲಿ ಹೇಳಿದ್ದು ಹೈಫಾ ಅಂತ. ಯಾವುದು ಸರಿ? (ಮೈಸೂರು, ಕುವೆಂಪುನಗರ)

ಉ: ಎರಡೂ ಸರಿ, ಯುದ್ಧ ಬೇರೆ, ಪಡೆ ಬೇರೆ. ಹೈಫಾ (ಈಗಿನ ಇಸ್ರೇಲಿನ ಊರು) ಮೊದಲನೇ ಮಹಾಯುದ್ಧದ್ದು, ಅಲ್ಲಿದ್ದವರು ಮೈಸೂರು ಲ್ಯಾನ್ಸರ್ಸ್, ಕುದುರೆ ಪಡೆ. 1918ರ ಸೆಪ್ಟೆಂಬರ್ 23ಕ್ಕೆ ಜೋಧಪುರದವರ ಜೊತೆ ಸೇರ್ಕೊಂಡು ಮೆಷಿನ್ ಗನ್ ಇಟ್ಕೊಂಡು ಕೂತಿದ್ದ ತುರ್ಕಿಗಳ ಕೈಯಿಂದ ಈಟಿ ಹಿಡಿದು ಊರು ಕಿತ್ಕೊಂಡವರು. ದೆಹಲಿಯ ತೀನ್ ಮೂರ್ತಿ ಸರ್ಕಲ್ಲಲ್ಲಿ ನಿಂತಿರೋ ಮೂರು ಸೈನಿಕರಲ್ಲಿ ಒಬ್ಬ ಮೈಸೂರಿನವನು, ಇನ್ನಿಬ್ಬರು ಜೋಧಪುರ ಮತ್ತೆ ಹೈದರಾಬಾದಿನವರು. 2018ರಿಂದ ಅದನ್ನ ತೀನ್ ಮೂರ್ತಿ ಹೈಫಾ ಚೌಕ ಅಂತಾರೆ.

ನನಗೆ ಅನ್ಸೋದು ಇಷ್ಟು: ಗೆದ್ದ ಕಥೆ, ಅದ್ರಲ್ಲೂ ಕುದುರೆ ಈಟಿ ಇರೋ ಕಥೆ ಹೇಳೋಕೆ ಚೆನ್ನಾಗಿರುತ್ತೆ, ಅದಕ್ಕೆ ಸರ್ಕಲ್ಲು ಸಿಗುತ್ತೆ, ಪಠ್ಯಪುಸ್ತಕ ಸಿಗುತ್ತೆ. ಇನ್‌ಫೆಂಟ್ರಿಯವರದ್ದು ಸೋತ ಕಥೆ. ಮೇಲಿನವರು ಶರಣಾದ್ರು, ಕೆಳಗಿನವರು ಸೆರೆಗೆ ಹೋದ್ರು, ಮಳೇಲಿ ಕೊಳೆತ ಕ್ಯಾಂಪಲ್ಲಿ ಜ್ವರ ಬಂದು ಸತ್ರು, ಇದನ್ನ ಯಾವ ಭಾಷಣದಲ್ಲೂ ಹೇಳೋಕಾಗಲ್ಲ. ಲ್ಯಾನ್ಸರ್ಸ್‌ಗೆ ಪ್ರತಿ ಸೆಪ್ಟೆಂಬರ್ ಹೂವಿನ ಹಾರ ಬೀಳುತ್ತೆ, ಬೀಳಲಿ, ಸಂತೋಷ. ಫೆಬ್ರವರಿ 15 ಮಾತ್ರ ನಮ್ಮ ಮೈಸೂರಲ್ಲಿ ಸುಮ್ನೆ ಕಳೆದುಹೋಗುತ್ತೆ.

ಪ್ರ: ಬ್ರಿಟಿಷರಿಗೋಸ್ಕರ ಸಂಬಳಕ್ಕೆ ಹೊಡೆದಾಡಿ ಸತ್ತವರನ್ನ ನಾವ್ಯಾಕೆ ನೆನೆಸ್ಕೋಬೇಕು? ಅದೇ ಟೈಮಲ್ಲಿ ಶಿವಪುರದಲ್ಲಿ ಧ್ವಜ ಹಾರಿಸಿ ಜೈಲಿಗೆ ಹೋದವರನ್ನ ನೆನೆಸ್ಕೊಂಡ್ರೆ ಸಾಲ್ದಾ? (ಮಂಡ್ಯ, ಕಾಲೇಜು ವಿದ್ಯಾರ್ಥಿ)

ಉ: ಚೆನ್ನಾಗಿ ಕೇಳಿದೆ ಕಣಪ್ಪ. ಮದ್ದೂರಿನ ಶಿವಪುರದ ಧ್ವಜ ಸತ್ಯಾಗ್ರಹ 1938ರದ್ದು, ನಮ್ಮ ಜಿಲ್ಲೆಯ ಹೆಮ್ಮೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಒಂದು ಯೋಚ್ನೆ ಮಾಡಿ ನೋಡು, ಧ್ವಜ ಹಿಡಿದವನೂ ಬಂದೂಕು ಹಿಡಿದವನೂ ಒಂದೇ ಮನೆಯವರಾಗಿದ್ದ ಊರುಗಳು ಇರ್ಲಿಲ್ಲ ಅಂತ ಹೇಳೋಕಾಗುತ್ತಾ? ಸೈನ್ಯಕ್ಕೆ ಸೇರಿದ ಹುಡುಗನ ಮುಂದೆ ಸಾಮ್ರಾಜ್ಯ ಅನ್ನೋದು ಇರ್ಲಿಲ್ಲ, ತಿಂಗಳ ಸಂಬಳ ಇತ್ತು, ಮನೇಲಿ ಸಾಲ ಇತ್ತು, ಮಹಾರಾಜರ ಬಟ್ಟೆ ಹಾಕ್ಕೋತೀನಿ ಅನ್ನೋ ಠೀವಿ ಇತ್ತು. ಅವನನ್ನ ಹಡಗು ಹತ್ತಿಸಿದವರು ಅವನನ್ನ ಕೇಳಿ ಹತ್ತಿಸಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಅವಿಭಜಿತ ಭಾರತದಿಂದ 25 ಲಕ್ಷ ಜನ ಹೋದ್ರು, 87,000 ಜನ ಸತ್ರು. ಇವರಷ್ಟೂ ಜನ ದೇಶಕ್ಕೆ ಎರಡು ಬಗೆದವರು ಅಂತ ಯಾವ ಬಾಯಲ್ಲಿ ಹೇಳ್ತೀಯಾ.

ಇನ್ನೂ ತೊಡಕಿನ ವಿಷಯ ಹೇಳ್ತೀನಿ ಕೇಳು. ಫಾರರ್ ಪಾರ್ಕ್ ಮೈದಾನದಲ್ಲಿ ಪಕ್ಕ ಪಕ್ಕ ನಿಂತಿದ್ದ ಇಬ್ಬರಲ್ಲಿ ಒಬ್ಬ ಐಎನ್‌ಎಗೆ ಹೋಗಿ ಸತ್ತ, ಇನ್ನೊಬ್ಬ ಕೊಟ್ಟ ಮಾತು ಮೀರಲ್ಲ ಅಂತ ಕೈದಿಯಾಗೇ ಉಳಿದು ಸತ್ತ. ಐಎನ್‌ಎ ಸತ್ತವರಿಗೆ ಅಂತ ನೇತಾಜಿ 1945ರ ಜುಲೈ 8ಕ್ಕೆ ಸಿಂಗಪೂರದ ಸಮುದ್ರ ದಂಡೇಲಿ ಸ್ಮಾರಕಕ್ಕೆ ಅಡಿಗಲ್ಲು ಹಾಕಿದ್ರು, ಬ್ರಿಟಿಷರು ವಾಪಸ್ ಬಂದವರೇ ಅದನ್ನ ಸಿಡಿಸಿ ಹಾಕಿದ್ರು, ಈಗ ಆ ಜಾಗದಲ್ಲಿ 1995ರಲ್ಲಿ ಇಟ್ಟ ಒಂದು ಫಲಕ ಇದೆ. ಇನ್ನೊಬ್ಬನ ಹೆಸರು ಕ್ರಾಂಜಿ ಕಂಬದ ಮೇಲಿದೆ. ಒಬ್ಬನನ್ನ ನೆನೆಯೋಕೆ ಇನ್ನೊಬ್ಬನನ್ನ ಅಳಿಸ್ಬೇಕು ಅನ್ನೋದು ನನಗೆ ಒಪ್ಪಿಗೆ ಇಲ್ಲ. ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನ ನೋಡಿದೀಯಾ? ಟಿಪ್ಪು ಮೇಲೆ ಬಂದು ಹೊಡೆದಾಡಿದವರ, ಸ್ವಿಟ್ಜರ್ಲೆಂಡ್ ಮೂಲದ ಡಿ ಮ್ಯುರೋನ್ ರೆಜಿಮೆಂಟಿನವರ ಗೋರಿ ಅಲ್ಲಿವೆ, ಅವರ ವಂಶದವರು ಅಷ್ಟು ದೂರದಿಂದ ದುಡ್ಡು ಹಾಕಿ ರಿಪೇರಿ ಮಾಡ್ಸಿದ್ರು. ಅವರೂ ಕೂಲಿ ಸೈನಿಕರೇ. 1799ರ ಮೇ 4ಕ್ಕೆ ಅದೇ ಕೋಟೆ ಗೋಡೆ ಮೇಲೆ ಸತ್ತ ಟಿಪ್ಪುವಿನ ಸಾಮಾನ್ಯ ಸಿಪಾಯಿಗಳ ಹೆಸರಿನ ಕಲ್ಲು ಎಲ್ಲಿದೆ ತೋರಿಸು ನೋಡೋಣ. ನೆನೆಯೋರು ಇದ್ದವರ ಹೆಸರು ಉಳೀತು, ಅಷ್ಟೇ ವ್ಯತ್ಯಾಸ, ಯಾರ ಪರ ಹೊಡೆದಾಡಿದ್ರು ಅನ್ನೋದು ಅಲ್ಲಿ ಲೆಕ್ಕಕ್ಕೆ ಬರ್ಲಿಲ್ಲ.

ಪ್ರ: ದೆಹಲಿಯ ವಾರ್ ಮೆಮೋರಿಯಲ್ಲಿಗೆ ಹೋಗಿದ್ವಿ. ಅಷ್ಟು ಗೋಡೆ ಹುಡುಕಿದ್ರೂ ನಮ್ಮ ಮುತ್ತಾತನ ಹೆಸರು ಸಿಗ್ಲಿಲ್ಲ, ಮನಸ್ಸಿಗೆ ಬೇಜಾರಾಯ್ತು. (ಹುಣಸೂರು)

ಉ: ಅಲ್ಲಿ ಇರೋದೇ ಇಲ್ಲ, ಬೇಜಾರು ಮಾಡ್ಕೋಬೇಡಿ. 2019ರ ಫೆಬ್ರವರಿ 25ಕ್ಕೆ ಉದ್ಘಾಟನೆ ಆದ ರಾಷ್ಟ್ರೀಯ ಯುದ್ಧ ಸ್ಮಾರಕ ಸ್ವಾತಂತ್ರ್ಯ ಬಂದ ಮೇಲೆ ತೀರ್ಕೊಂಡವರದ್ದು, ತ್ಯಾಗ ಚಕ್ರದ ಗ್ರಾನೈಟ್ ಇಟ್ಟಿಗೆಗಳ ಮೇಲಿನ 25,000ಕ್ಕೂ ಮೇಲಿನ ಹೆಸರುಗಳು 1947ರ ಈಚೆಯವು. ಪಕ್ಕದಲ್ಲೇ ಇರೋ ಇಂಡಿಯಾ ಗೇಟ್ 1931ರದ್ದು, ಅದರ ಮೇಲಿರೋ 13,000ಕ್ಕೂ ಹೆಚ್ಚು ಹೆಸರು ಮೊದಲನೇ ಮಹಾಯುದ್ಧ ಮತ್ತೆ 1919ರ ಅಫ್ಘಾನ್ ಯುದ್ಧದವರದ್ದು. ಎರಡನೇ ಮಹಾಯುದ್ಧದವರು ಇವೆರಡರ ಮಧ್ಯೆ ಬಿದ್ದುಹೋದ್ರು. ಆ ದಾರೀಲಿ ನಡ್ಕೊಂಡು ಹೋಗೋ ಯಾತ್ರಿಕರಿಗೆ ಇದು ಗೊತ್ತಾಗೋದೇ ಇಲ್ಲ. ನಿಮ್ಮ ಮುತ್ತಾತ ಯಾವ ಯುದ್ಧ, ಯಾವ ದೇಶ ಅಂತ ತಿಳ್ಕೊಳ್ಳಿ. ಬರ್ಮಾ ಆದ್ರೆ ಅಲ್ಲಿಯ ತೌಕ್ಯಾನ್‌ನಲ್ಲಿರೋ ರಂಗೂನ್ ಸ್ಮಾರಕ, ಅಲ್ಲೇ ಸುಮಾರು 27,000 ಹೆಸರಿದೆ, ಮಲಯಾ ಸಿಂಗಪೂರ ಆದ್ರೆ ಮೇಲೆ ಹೇಳಿದ ಕ್ರಾಂಜಿ.

ಪ್ರ: ನಮ್ಮೂರಿಂದ ಆ ಕಾಲದಲ್ಲಿ ಸೈನ್ಯಕ್ಕೆ ಹೋಗಿ ಸತ್ತವರು ಮೂವರು ಅಂತ ಹಿರಿಯರು ಹೇಳ್ತಾರೆ, ಇಬ್ಬರ ಹೆಸರು ಗೊತ್ತು. ಯುವಕರ ಸಂಘದಿಂದ ಬಸ್ ಸ್ಟಾಂಡ್ ಸರ್ಕಲ್ಲಲ್ಲಿ ಬಂದೂಕು ಹಿಡಿದ ಯೋಧನ ಪ್ರತಿಮೆ ಮಾಡ್ಸೋಣ ಅಂತ ಇದ್ದೀವಿ. ನಿಮ್ಮ ಸಲಹೆ? (ಮದ್ದೂರು ತಾಲ್ಲೂಕು)

ಉ: ಪ್ರತಿಮೆ ಬೇಡ ಅನ್ನೋದು ನನ್ನ ಸಲಹೆ, ಬೈಕೊಂಡ್ರೂ ಪರ್ವಾಗಿಲ್ಲ. ಸಿಮೆಂಟಿನ ಪ್ರತಿಮೆಗೆ ಯಾರ ಮುಖನೂ ಇರಲ್ಲ, ಮೀಸೆ ಒಂದು ಇರುತ್ತೆ, ಎರಡು ಮಳೆಗಾಲಕ್ಕೆ ಬಂದೂಕಿನ ತುದಿ ಮುರಿಯುತ್ತೆ, ಆಮೇಲೆ ರಸ್ತೆ ಅಗಲ ಮಾಡ್ತೀವಿ ಅಂತ ಎತ್ತಿ ಪಂಚಾಯ್ತಿ ಗೋಡೌನಿಗೆ ಹಾಕ್ತಾರೆ. ಬಸ್ ಸ್ಟಾಂಡ್ ಸರ್ಕಲ್ಲಂತೂ ಬೇಡವೇ ಬೇಡ, ವರ್ಷದಲ್ಲಿ ಮುನ್ನೂರು ದಿನ ಬರ್ತ್‌ಡೇ ಫ್ಲೆಕ್ಸ್ ಹಿಂದೆ ಇರ್ತಾನೆ ನಿಮ್ಮ ಯೋಧ.

ನಿಮ್ಮ ತಾಲ್ಲೂಕಲ್ಲೇ ಎಂಥ ಮಾದರಿ ಇದೆ ಗೊತ್ತಲ್ವಾ, ಆತಕೂರಿನ ಕಲ್ಲು. ಕ್ರಿ.ಶ. 949-50ರದ್ದು. ರಾಷ್ಟ್ರಕೂಟರ ಮೂರನೇ ಕೃಷ್ಣ, ಗಂಗರ ಬೂತುಗ ಸೇರ್ಕೊಂಡು ತಕ್ಕೋಲದಲ್ಲಿ ಚೋಳರ ರಾಜಾದಿತ್ಯನನ್ನ ಸೋಲಿಸಿ ಕೊಂದ ವಿಷಯ ಅದರಲ್ಲಿದೆ. ಆ ಯುದ್ಧದಲ್ಲಿ ಮಣಲೇರ ಅನ್ನೋನು ಚೆನ್ನಾಗಿ ಹೊಡೆದಾಡಿದ್ದಕ್ಕೆ ಏನು ಬೇಕು ಕೇಳು ಅಂದ್ರೆ ಕಾಳಿ ಅನ್ನೋ ನಾಯಿ ಕೇಳಿ ತಗೊಂಡ, ಆ ನಾಯಿ ಆಮೇಲೆ ಒಂದು ದೊಡ್ಡ ಹಂದಿ ಜೊತೆ ಕಾದಾಡಿ ಎರಡೂ ಸತ್ತವು, ಆ ನಾಯಿಗೆ ಕಲ್ಲು ನಿಲ್ಲಿಸಿದ್ರು. ಕಲ್ಲಿನ ಮೇಲೆ ನಾಯಿನೂ ಹಂದಿನೂ ಕಚ್ಚಾಡ್ತಾ ಇರೋ ಚಿತ್ರ ಇದೆ. ಬರೀ ಕಲ್ಲು ನಿಲ್ಲಿಸಿ ಹೋಗ್ಲಿಲ್ಲ, ಪೂಜೆಗೆ ಭೂಮಿ ಬಿಟ್ರು, ಕಲ್ಲಿಗೆ ಪೂಜೆ ಮಾಡದೆ ಗೊರವ (ಪೂಜೆ ನೋಡ್ಕೊಳ್ಳೋ ಶೈವ ಅರ್ಚಕ) ಉಂಡ್ರೆ ಪಾಪ ತಟ್ಟುತ್ತೆ ಅಂತಾನೂ ಕೆತ್ತಿಸಿದ್ರು. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ, ಸಂಘದವರು ಒಂದು ಸಲ ಹೋಗಿ ನೋಡ್ಕೊಂಡು ಬನ್ನಿ. ಸಾವಿರ ವರ್ಷದ ಹಿಂದೆ ನಿಮ್ಮ ತಾಲ್ಲೂಕಿನವರು ಬೇಟೆ ನಾಯಿಯ ಹೆಸರು ಕಲ್ಲಲ್ಲಿ ಉಳಿಸಿದ್ದಾರೆ, 1942ರಲ್ಲಿ ಸತ್ತ ಮನುಷ್ಯನ ಹೆಸರು ಅವನ ಸ್ವಂತ ಊರಿನ ಯಾವ ಕಲ್ಲಲ್ಲೂ ಇಲ್ಲ!

ಅದಕ್ಕೇ ಒಂದು ಒಳ್ಳೆ ಕಲ್ಲು ತಗೊಳ್ಳಿ, ಶಾಲೆ ಕಾಂಪೌಂಡೋ ಅರಳಿಕಟ್ಟೆ ಪಕ್ಕವೋ ನಿಲ್ಲಿಸಿ, ಪಂಚಾಯ್ತೀಲಿ ನಿರ್ಣಯ ಮಾಡಿಸ್ಕೊಂಡು ಜಾಗ ಬರೆಸ್ಕೊಳ್ಳಿ, ಇಲ್ಲಾಂದ್ರೆ ನಾಳೆ ತಕರಾರು. ಅಕ್ಷರ ಬಣ್ಣದಲ್ಲಿ ಬರೆಸ್ಬೇಡಿ, ಉಳಿಯಲ್ಲಿ ಆಳವಾಗಿ ಕೆತ್ತಿಸಿ, ಕನ್ನಡದಲ್ಲಿ. ಹೆಸರು, ತಂದೆ ಹೆಸರು, ತಾಯಿ ಹೆಸರು ಗೊತ್ತಿದ್ರೆ ಅದೂ, ಯಾವ ಪಡೆ, ಎಲ್ಲಿ ತೀರ್ಕೊಂಡ್ರು, ಯಾವಾಗ. ಮೂರನೆಯವರ ಹೆಸರು ಸಿಗೋವರೆಗೂ ಒಂದು ಸಾಲಿನ ಜಾಗ ಖಾಲಿ ಬಿಡಿ, ನೋಡಿದವರು ಇದ್ಯಾಕೆ ಖಾಲಿ ಅಂತ ಕೇಳ್ತಾರೆ, ಕೇಳ್ತಾ ಕೇಳ್ತಾ ಯಾರೋ ಒಬ್ಬ ಮುದುಕಪ್ಪ ಹೆಸರು ಹೇಳ್ತಾನೆ. ಮತ್ತೆ, ದಾಖಲೆ ಇಲ್ದೆ "ಶತ್ರುಗಳೊಂದಿಗೆ ಹೋರಾಡುತ್ತಾ ವೀರಮರಣ" ಅಂತೆಲ್ಲ ಕೆತ್ತಿಸ್ಬೇಡಿ. ಕೈದಿಯಾಗಿದ್ದಾಗ ಕಾಯಿಲೆಯಿಂದ ತೀರ್ಕೊಂಡ್ರು ಅಂದ್ರೆ ಹಾಗೇ ಬರೆಸಿ. ಅದ್ರಲ್ಲಿ ಅವಮಾನ ಏನಿದೆ? ಉದ್ಘಾಟನೆಗೆ ಬರೋ ಗಣ್ಯರ ಹೆಸರಿನ ಫಲಕ ಬೇರೆ ಗೋಡೆಗೆ ಹಾಕಿ, ಈ ಕಲ್ಲಿನ ಮೇಲೆ ಬೇಡ.

ಪ್ರ: ಅಟ್ಟದ ಮೇಲಿನ ಟ್ರಂಕಲ್ಲಿ ತಾತನ ಎರಡು ಮೆಡಲ್ ಸಿಕ್ಕಿದೆ, ಒಂದು ನಕ್ಷತ್ರದ ಥರ ಇದೆ. ಮೈಸೂರಲ್ಲಿ ಹಳೇ ನಾಣ್ಯ ತಗೊಳ್ಳೋರು ಒಬ್ರು ಒಳ್ಳೇ ರೇಟ್ ಕೊಡ್ತೀನಿ ಅಂತಿದ್ದಾರೆ. ಕೊಡ್ಬಹುದಾ? (ಪಾಂಡವಪುರ)

ಉ: ನಿಮ್ಮ ವಸ್ತು, ನಿಮ್ಮ ಇಷ್ಟ, ಆದ್ರೆ ಕೊಡೋ ಮುಂಚೆ ಓದಿ. ಭೂತಗನ್ನಡಿ ತಗೊಂಡು ದುಂಡಗಿರೋ ಮೆಡಲಿನ ಅಂಚು ನೋಡಿ, ಮುಖ ಅಲ್ಲ, ಅಂಚು. ಎರಡನೇ ಮಹಾಯುದ್ಧದ ಮೆಡಲುಗಳಲ್ಲಿ ಬ್ರಿಟನ್ನಿನ ಸೈನಿಕರಿಗೆ ಹೆಸರಿಲ್ದೆ ಕೊಟ್ಟಿದ್ದಾರೆ, ಭಾರತದವರಿಗೆ ಕೊಟ್ಟಿದ್ದರ ಮೇಲೆ ಸಾಮಾನ್ಯವಾಗಿ ನಂಬರ್, ಪದವಿ, ಹೆಸರು, ಪಡೆ ಒತ್ತಿರ್ತಾರೆ. ನಕ್ಷತ್ರದ್ದಾದ್ರೆ ಹಿಂದುಗಡೆ ನೋಡಿ. ನಕ್ಷತ್ರದ ಮುಂದೆ ಪೆಸಿಫಿಕ್ ಸ್ಟಾರ್ ಅಂತ ಇದ್ರೆ ಮಲಯಾ ಸಿಂಗಪೂರ ಕಡೆ ಇದ್ದವರು ಅನ್ನೋದಕ್ಕೆ ಒಳ್ಳೇ ಸುಳಿವು. ದುಂಡನೆಯದರ ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಎರಡು ತಲೆ ಡ್ರ್ಯಾಗನ್ ಮೇಲೆ ನಿಂತ ಸಿಂಹ ಇದ್ರೆ ಅದು ವಾರ್ ಮೆಡಲ್, ಲಕ್ಷಗಟ್ಟಲೆ ಜನಕ್ಕೆ ಕೊಟ್ಟಿದ್ದು, ಅದಕ್ಕೆ ಲೋಹದ ಬೆಲೆ ಏನೂ ಇಲ್ಲ. ಆ ವ್ಯಾಪಾರಿ ರೇಟ್ ಕಟ್ತಾ ಇರೋದು ಅಂಚಿನ ಮೇಲಿರೋ ಹೆಸರಿಗೇ ಇರಬೇಕು. ಹುಣಸೆಹಣ್ಣು, ಬೂದಿ, ಪೀತಾಂಬರಿ ಏನೂ ಹಾಕಿ ಉಜ್ಜಬೇಡಿ, ಅಂಚಿನ ಅಕ್ಷರ ಸವೆದ್ರೆ ಮತ್ತೆ ಬರಲ್ಲ, ರಿಬ್ಬನ್ ಕಿತ್ತು ಎಸೀಬೇಡಿ. ಒಣ ಬಟ್ಟೇಲಿ ಒರೆಸಿ, ಅಂಚನ್ನ ಸ್ವಲ್ಪ ಸ್ವಲ್ಪ ತಿರುಗಿಸ್ತಾ ನಾಲ್ಕೈದು ಫೋಟೋ ತೆಗೀರಿ, ಬೆಳಕು ಓರೆಯಾಗಿ ಬೀಳೋ ಹಾಗೆ ಹಿಡಿದ್ರೆ ಅಕ್ಷರ ಎದ್ದು ಕಾಣುತ್ತೆ. ಆ ನಂಬರ್ ಸಿಕ್ತು ಅಂದ್ರೆ ವೆಲಿಂಗ್ಟನ್ನಿಗೆ, ಪತ್ರಾಗಾರಕ್ಕೆ ಬರೆಯೋ ಅರ್ಜೀಲಿ ಹಾಕೋಕೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ಮಾರೋ ಯೋಚ್ನೆ ಇದ್ರೆ ಅರ್ಜಿಗೆ ಉತ್ತರ ಬಂದ ಮೇಲೆ ಮಾಡಿ, ವ್ಯಾಪಾರಿ ಎಲ್ಲೂ ಓಡಿಹೋಗಲ್ಲ.